ನಲ್ಲೂರಿನ ತೋಪು, ನಾಲ್ಕು ಹುಣಸೆ ಬೀಜ

ಏಪ್ರಿಲ್ ಎರಡನೆಯ ವಾರ ಬಂತೆಂದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ಊರುಗಳ ಗೋಡೆಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ ಒಂದೇ ಬಗೆಯ ಬಣ್ಣದ ಕಾಗದಗಳು ಕಾಣಿಸಿಕೊಳ್ಳುತ್ತವೆ. ಬೇಸಿಗೆ ಶಿಬಿರ! ಈಜು, ಕರಾಟೆ, ಅಬ್ಯಾಕಸ್, ಕೀಬೋರ್ಡ್, ದುಂಡು ಅಕ್ಷರ, ಇಂಗ್ಲಿಷ್ ಮಾತುಗಾರಿಕೆ. ಮೊದಲು ಸೇರಿದವರಿಗೆ ಶುಲ್ಕದಲ್ಲಿ ರಿಯಾಯಿತಿ. ಮೇ ತಿಂಗಳ ಕೊನೆಯ ವಾರದವರೆಗೆ ಮಕ್ಕಳಿಗೆ ಹೆಚ್ಚುಕಡಿಮೆ ಒಂದೂವರೆ ತಿಂಗಳ ರಜೆ. ಅಷ್ಟೂ ದಿನಗಳ ವೇಳಾಪಟ್ಟಿ ರಜೆ ಶುರುವಾಗುವ ಮೊದಲೇ ಅಡಿಗೆಮನೆಯ ಗೋಡೆಗೆ ಅಂಟಿಕೊಂಡಿರುತ್ತದೆ. ಏಳಕ್ಕೆ ಈಜು, ಒಂಬತ್ತಕ್ಕೆ ಅಬ್ಯಾಕಸ್, ಹನ್ನೊಂದಕ್ಕೆ ಮುಂದಿನ ತರಗತಿಯ ಗಣಿತ. ರಜೆ ಸಿಕ್ಕಿದ್ದು ಶಾಲೆಯ ಕಟ್ಟಡಕ್ಕೋ ಮಗುವಿಗೋ ಎಂದು ಅನುಮಾನ ಬರುವಷ್ಟು ಗಡಿಬಿಡಿ.

ಕಾಗದ ಅಂಟಿಸದ, ಶುಲ್ಕ ಕೇಳದ ಜಾಗವೊಂದು ಇದೇ ಜಿಲ್ಲೆಯಲ್ಲಿದೆ. ದೇವನಹಳ್ಳಿಯಿಂದ ಸೂಲಿಬೆಲೆ, ಹೊಸಕೋಟೆಗಳ ಕಡೆಗೆ ಹೊರಟರೆ ಸಿಗುವ ನಲ್ಲೂರು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸುವ ಹೊಸ ವರ್ತುಲ ರಸ್ತೆಯಲ್ಲಿ ಕಾರುಗಳು ಹಾರಿಕೊಂಡು ಹೋಗುತ್ತವೆ. ಅದರಲ್ಲಿ ಕುಳಿತವರಲ್ಲಿ ಬಹುಮಂದಿಗೆ ಪಕ್ಕದಲ್ಲೇ ಇರುವ ಹುಣಸೆ ತೋಪಿನ ಸುಳಿವೂ ಇರುವುದಿಲ್ಲ. ಸುಮಾರು 54 ಎಕರೆ ನೆಲ, ಅದರಲ್ಲಿ ಮುನ್ನೂರರ ಆಸುಪಾಸು ಹಳೆಯ ಹುಣಸೆ ಮರಗಳು. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಇಡೀ ದೇಶದಲ್ಲಿ ಇಂಥ ಮನ್ನಣೆ ಪಡೆದ ಮೊದಲ ಜಾಗ ಇದೇ. ಪಶ್ಚಿಮ ಘಟ್ಟದ ಯಾವುದೋ ದಟ್ಟ ಕಾಡಿಗೆ ಸಿಗಬಹುದಾಗಿದ್ದ ಈ ಮೊದಲ ಸ್ಥಾನ ಬಯಲುಸೀಮೆಯ ಒಂದು ಹುಣಸೆ ತೋಪಿಗೆ ಸಿಕ್ಕಿದ್ದು ಜಿಲ್ಲೆಯ ಶಾಲೆಗಳಲ್ಲಿ ಹೇಳಿಕೊಡಬೇಕಾದ ಸಂಗತಿಯೇ ಸರಿ.

ಇವು ಚೋಳರ ಕಾಲದ ಮರಗಳು ಎನ್ನುವುದು ಊರಿನ ಮಾತು. ಕೆಲವು ಮರಗಳಿಗೆ ನಾನೂರು ವರ್ಷಕ್ಕೂ ಮೀರಿದ ವಯಸ್ಸು ಎನ್ನುವುದು ಅಂದಾಜು. ನಿಖರವಾಗಿ ಹೇಳುವುದು ಕಷ್ಟ, ಅದಕ್ಕೆ ಕಾರಣವೂ ಸ್ವಾರಸ್ಯದ್ದು. ಮರದ ವಯಸ್ಸನ್ನು ಕಾಂಡದ ಒಳಗಿನ ಬಳೆಗಳನ್ನು ಎಣಿಸಿ ಹೇಳುತ್ತಾರೆ ಎಂದು ಪಠ್ಯಪುಸ್ತಕದಲ್ಲಿ ಓದುತ್ತೇವಲ್ಲ, ಮುದಿ ಹುಣಸೆಯಲ್ಲಿ ಎಣಿಸಲು ಒಳಗೆ ಏನೂ ಉಳಿದಿರುವುದಿಲ್ಲ. ತಿರುಳು ಕರಗಿ ಟೊಳ್ಳಾಗಿರುತ್ತದೆ. ಜೀವ ಇರುವುದೆಲ್ಲ ತೊಗಟೆಯ ಹತ್ತಿರದ ಹೊರಪದರದಲ್ಲಿ. ಹಾಗಾಗಿ ಕಾಂಡ ಗುಡಾರದಂತೆ ಬಾಯ್ತೆರೆದಿದ್ದರೂ ಮೇಲೆ ಕೊಂಬೆಯ ತುಂಬ ಎಳೆಹಸಿರು ಚಿಗುರು. ಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆ ಹುಟ್ಟಿದ್ದು ಇಂಥ ಮರದ ಕೆಳಗೇ ಇರಬೇಕು.

ಅಂದ ಹಾಗೆ, ನಮ್ಮ ಸಾರಿಗೆ, ಗೊಜ್ಜಿಗೆ, ಪುಳಿಯೋಗರೆಗೆ ಅನಿವಾರ್ಯವಾದ ಈ ಮರದ ಮೂಲ ನೆಲೆ ಆಫ್ರಿಕ. ಬಹಳ ಹಿಂದೆಯೇ ಇಲ್ಲಿಗೆ ಬಂದು, ಬಂದದ್ದೇ ಮರೆತುಹೋಗುವಷ್ಟು ನಮ್ಮದಾಯಿತು. ಅರಬ್ಬರು ಇದನ್ನು ‘ತಮರ್ ಹಿಂದಿ’, ಅಂದರೆ ಹಿಂದೂಸ್ಥಾನದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ ‘ಟ್ಯಾಮರಿಂಡ್’ ಹುಟ್ಟಿದ್ದು ಅದರಿಂದ. ವಲಸೆ ಬಂದವರ ಹೆಸರೇ ಊರಿನ ಹೆಸರಾದ ಹಾಗೆ!

ಈ ಸೀಮೆಯಲ್ಲಿ ಹುಟ್ಟಿ ಬೆಳೆದು ಈಗ ಐವತ್ತು ದಾಟಿದವರನ್ನು ಅವರ ಬೇಸಿಗೆಯ ಬಗ್ಗೆ ಕೇಳಿ ನೋಡಬೇಕು. ಮಾತು ಹೇಗೆ ಶುರುವಾದರೂ ಹುಣಸೆ ಮರದ ಬುಡಕ್ಕೇ ಬರುತ್ತದೆ. ಮಾಘ, ಫಾಲ್ಗುಣದಲ್ಲಿ ದೋರುಗಾಯಿ. ಸಿಪ್ಪೆಗೂ ತಿರುಳಿಗೂ ನಡುವೆ ಆಗತಾನೇ ಬಿಡುವು ಬಿದ್ದ ಕಾಯಿ, ಅರ್ಧ ಹುಳಿ, ಅರ್ಧ ಸಿಹಿ. ಪರೀಕ್ಷೆಯ ದಿನಗಳಲ್ಲಿ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಚಡ್ಡಿಗೆ ಕಲೆ ಮಾಡಿಕೊಳ್ಳದವರಿಲ್ಲ. ರಜೆ ಬರುವ ಹೊತ್ತಿಗೆ ದೊಡ್ಡವರು ಮರ ಹತ್ತಿ ಕೊಂಬೆ ಅಲುಗಿಸುವುದು, ಕೆಳಗೆ ಮಕ್ಕಳು ಆಯುವುದು. ಆಮೇಲೆ ಜಗಲಿಯಲ್ಲಿ ಹಣ್ಣು ಬಡಿಯುವ ಕೆಲಸ. ಸಿಪ್ಪೆ ಒಂದು ಗುಡ್ಡೆ, ನಾರು ಒಂದು ಗುಡ್ಡೆ, ಬೀಜ ಒಂದು ಗುಡ್ಡೆ. ಒಂದು ವರ್ಷಕ್ಕಾಗುವಷ್ಟು ಹಣ್ಣನ್ನು ಉಪ್ಪು ಬೆರೆಸಿ ಅಜ್ಜಿ ಮಡಕೆಗೆ ತುಂಬುತ್ತಿರುವಾಗ ಮೊಮ್ಮಕ್ಕಳ ಕಣ್ಣು ಒರಳಿನ ಮೇಲೆ. ಹೊಸ ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಒಣಮೆಣಸಿನಕಾಯಿ ಹಾಕಿ ಕುಟ್ಟಿ, ಉಂಡೆ ಮಾಡಿ, ತೆಂಗಿನ ಕಡ್ಡಿಗೆ ಸಿಕ್ಕಿಸಿ ಕೊಟ್ಟರೆ ಅದೇ ಕುಟ್ಟುಂಡೆ. ಎರಡು ಗಂಟೆ ಚೀಪಿದರೂ ಮುಗಿಯದು. ನಾಲಗೆಯ ತುದಿ ಮಾತ್ರ ಸುಲಿದುಹೋಗುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಮರದ ಹತ್ತಿರ ಹೋಗಬಾರದು, ಹುಣಸೆ ಮರದಲ್ಲಿ ದೆವ್ವ ಇರುತ್ತದೆ ಎಂಬ ಹೆದರಿಕೆಯೂ ಆ ರಜೆಯ ಒಂದು ಭಾಗ. ಸೆಕೆಯಲ್ಲಿ ಅಲೆಯುವ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಲು ಅದಕ್ಕಿಂತ ಅಗ್ಗದ ಉಪಾಯ ದೊಡ್ಡವರಿಗೆ ಸಿಕ್ಕಿರಲಾರದು.

ಹಾಗೆ ಒಳಗೆ ಕೂತ ಮಕ್ಕಳು ಏನು ಮಾಡುತ್ತಿದ್ದರು? ಮೂರನೆಯ ಗುಡ್ಡೆ, ಆ ಬೀಜದ ಗುಡ್ಡೆ, ಇದ್ದೇ ಇತ್ತಲ್ಲ. ಅಳಗುಳಿ ಮಣೆಯ ಹದಿನಾಲ್ಕು ಗುಳಿಗಳಿಗೆ ಐದೈದರಂತೆ ಎಪ್ಪತ್ತು ಬೀಜ. ನೆಲದ ಮೇಲೆ ಒಂದು ಹಿಡಿ ಸುರಿದು, ಉಫ್ ಎಂದು ಊದಿ, ಪಕ್ಕದ ಬೀಜ ಅಲುಗದ ಹಾಗೆ ಒಂದೊಂದನ್ನೇ ಎತ್ತಿಕೊಳ್ಳುವ ಆಟಕ್ಕೆ ಇನ್ನಷ್ಟು. ಎಲ್ಲಕ್ಕಿಂತ ಮೇಲಾಗಿ ಚೌಕಾಬಾರ. ಅದಕ್ಕೆ ಬೇಕಾದದ್ದು ನಾಲ್ಕೇ ಬೀಜ. ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಬೇಕು. ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣಬೇಕು. ಉಜ್ಜಿದ ಬೀಜ ಸುಡುವಷ್ಟು ಬಿಸಿಯಾಗುತ್ತದೆ; ಅದನ್ನು ಮೆಲ್ಲನೆ ತಂಗಿಯ ತೋಳಿಗೆ ಮುಟ್ಟಿಸಿ ಬೈಸಿಕೊಳ್ಳುವುದು, ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂಬ ಪಾಠ ಶಾಲೆಯಲ್ಲಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆಗುತ್ತಿದ್ದ ಪ್ರಯೋಗ.

ಐದು ಸಾಲು, ಐದು ಅಡ್ಡಸಾಲು, ಒಟ್ಟು ಇಪ್ಪತ್ತೈದು ಮನೆ. ಸೀಮೆಸುಣ್ಣದಲ್ಲಿ ಬರೆದರೂ ಆಯಿತು, ಇದ್ದಲಿನಲ್ಲಿ ಬರೆದರೂ ಆಯಿತು. ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತಿನ ಹದಿನಾರು ಮನೆ ದಾಟಿ, ಒಳಸುತ್ತಿನ ಎಂಟು ಮನೆ ದಾಟಿ, ನಡುಮನೆ ಸೇರಿದರೆ ಕಾಯಿ ‘ಹಣ್ಣಾಯಿತು’. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಗೀಟು ಹಾಕಿದ ಕಟ್ಟೆಯಲ್ಲಿ ಕೂತ ಕಾಯನ್ನು ಯಾರೂ ಮುಟ್ಟುವಂತಿಲ್ಲ. ಎಸೆದಾಗ ಬಿಳಿ ಮುಖ ಎಷ್ಟು ಮೇಲೆ ಬಿತ್ತೋ ಅಷ್ಟು ನಡೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ನಡೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ನಡೆ. ಎರಡಕ್ಕೂ ಇನ್ನೊಂದು ಎಸೆತದ ಬಹುಮಾನ.

ಹತ್ತನೆಯ ತರಗತಿಯಲ್ಲಿ ಸಂಭವನೀಯತೆಯ ಪಾಠ ಓದುವವರು ಇಲ್ಲಿ ಸ್ವಲ್ಪ ನಿಲ್ಲಬಹುದು. ನಾಲ್ಕು ಬೀಜ, ಪ್ರತಿಯೊಂದಕ್ಕೂ ಎರಡು ಮುಖ. ಒಟ್ಟು ಹದಿನಾರು ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬೀಳುವ ಬಗೆ ಆರು, ಒಂದು ಬೀಳುವ ಬಗೆ ನಾಲ್ಕು, ಮೂರು ಬೀಳುವ ಬಗೆಯೂ ನಾಲ್ಕು; ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಸರಾಸರಿ ಒಂದು ಎಸೆತಕ್ಕೆ ಎರಡೂವರೆ ಮನೆ. ಇದು ಪುಸ್ತಕದ ಲೆಕ್ಕ. ಆದರೆ ಹುಣಸೆ ಬೀಜ ಪುಸ್ತಕದ ನಾಣ್ಯವಲ್ಲ. ಒಂದು ಉಬ್ಬು, ಒಂದು ಚಪ್ಪಟೆ, ಒಂದಕ್ಕೆ ಉಜ್ಜಿದ್ದು ಹೆಚ್ಚು. ಹಾಗಾಗಿ ಯಾವ ಬೀಜ ಯಾವ ಮುಖಕ್ಕೆ ಒಲಿಯುತ್ತದೆ ಎಂದು ನೂರು ಸಲ ಎಸೆದು ಬರೆದಿಟ್ಟುಕೊಂಡವರಿಗೆ ಲೆಕ್ಕವೇ ಬೇರೆ ಬರುತ್ತದೆ. ‘ಅತ್ತೆ, ನಿಮ್ಮ ಬೀಜ ಬೇಡ, ನನ್ನ ಬೀಜದಲ್ಲೇ ಎಸೀರಿ’ ಎಂದು ಸೋದರತ್ತೆಯ ಜೊತೆ ಜಗಳಕ್ಕೆ ನಿಂತ ಹುಡುಗಿಗೆ ಈ ಶಾಸ್ತ್ರದ ಹೆಸರು ಗೊತ್ತಿರಲಿಲ್ಲ ಅಷ್ಟೆ. ಅಬ್ಯಾಕಸ್ ತರಗತಿಯೂ ಒಳ್ಳೆಯದೇ. ಆದರೆ ಅಲ್ಲಿ ಸೋತರೆ ಮಗು ಒಂದೇ ಅಳುತ್ತದೆ. ಇಲ್ಲಿ ಸೋತ ಅಜ್ಜನೂ ಮುಖ ಊದಿಸಿಕೊಂಡು ಊಟಕ್ಕೆ ಏಳುವುದಿಲ್ಲ.

ದೇವನಹಳ್ಳಿಯ ಈಶಾನ್ಯಕ್ಕೆ ವಿಜಯಪುರ. ರೇಷ್ಮೆ ಗೂಡಿನ ಮಾರುಕಟ್ಟೆಯ ಊರು. ಸುತ್ತಲ ಹಳ್ಳಿಗಳ ಮಕ್ಕಳಿಗೆ ಬೇಸಿಗೆಯ ಗಡಿಬಿಡಿಯೇ ಬೇರೆ ಬಗೆಯದು. ಮನೆಯಲ್ಲಿ ಹುಳು ಇದ್ದರೆ ಮದುವೆಗೂ ಒಬ್ಬರೇ ಹೋಗಬೇಕು, ತಿಥಿಗೂ ಒಬ್ಬರೇ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ತನಕ ಹೆಚ್ಚುಕಡಿಮೆ 25ರಿಂದ 28 ದಿನ. ಆ ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ಸೊಪ್ಪು ಮುಟ್ಟದೆ, ತಲೆ ಎತ್ತಿ ಅಲುಗದೆ ನಿಂತ ಆ ಹೊತ್ತನ್ನು ಇಲ್ಲಿನವರು ‘ಜ್ವರ’ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾ ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿನ ಹಸಿವು ನೋಡಬೇಕು. ಇಡೀ ಬದುಕಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲು ಆ ಕೊನೆಯ ವಾರದಲ್ಲೇ. ರಾತ್ರಿ ಹುಳುಮನೆಯಲ್ಲಿ ಮಲಗಿದರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸೊಪ್ಪು ತಿನ್ನುವ ಸದ್ದು. ಸೆಕೆ ಹೆಚ್ಚಾದರೆ ಹುಳು ಕೆಡುತ್ತದೆ ಎಂದು ಕಿಟಕಿ, ಬಾಗಿಲಿಗೆ ಒದ್ದೆ ಗೋಣಿತಾಟು ಕಟ್ಟುವ ಕೆಲಸ ಹೆಚ್ಚಾಗಿ ಮಕ್ಕಳದ್ದೇ. ಹಿಪ್ಪುನೇರಳೆ ಹಣ್ಣು ತಿಂದ ನಾಲಗೆಯ ನೇರಳೆ ಬಣ್ಣ ಅದಕ್ಕೆ ಸಿಗುವ ಕೂಲಿ. ನಾಲ್ಕಾರು ಹುಳುಗಳನ್ನು ಪೊಟ್ಟಣದಲ್ಲಿ ಕದ್ದೊಯ್ದು, ಬೆಂಕಿಪೆಟ್ಟಿಗೆಯಲ್ಲಿ ಸಾಕಿ, ಅದು ಎಂಟಂಕಿಯ ಹಾಗೆ ತಲೆಯಾಡಿಸುತ್ತಾ ಗೂಡು ಸುತ್ತುವುದನ್ನು ನೋಡುತ್ತಾ ಕೂತ ಮಕ್ಕಳು ಎಷ್ಟೋ. ಒಂದು ಗೂಡಿನಲ್ಲಿ ಮುಕ್ಕಾಲು ಕಿಲೋಮೀಟರಿನಿಂದ ಒಂದು ಕಿಲೋಮೀಟರಿನಷ್ಟು ಉದ್ದದ, ತುಂಡಾಗದ ಒಂದೇ ಎಳೆ!

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಹಳ್ಳಿಯ ಮಕ್ಕಳ ಬೇಸಿಗೆಯೆಲ್ಲ ಹವ್ಯಾಸ, ಆಟ ಎಂದು ಬಣ್ಣ ಬಳಿಯುವುದು ಸುಳ್ಳಾಗುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುತ್ತಾ ರಜೆ ಕಳೆದ, ಆ ರಜೆ ಮುಂದೆ ಮುಗಿಯದೇ ಹೋದ, ಮತ್ತೆ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳೂ ಇದ್ದರು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ, ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಶಾಲೆಯ ಹೊತ್ತಿನ ನಂತರ ಅಥವಾ ರಜೆಯಲ್ಲಿ ಮಗು ನೆರವಾಗಬಹುದು ಎನ್ನುತ್ತದೆ. ನೆರವು ಎಲ್ಲಿ ಮುಗಿಯಿತು, ದುಡಿಮೆ ಎಲ್ಲಿ ಶುರುವಾಯಿತು ಎಂಬುದನ್ನು ಮಾತ್ರ ಯಾವ ಕಾಯ್ದೆಯೂ ಅಳೆದು ಕೊಡಲಾರದು. ಅದು ಅಪ್ಪ, ಅಮ್ಮನ ಕಣ್ಣಳತೆಗೇ ಬಿಟ್ಟದ್ದು. ಮಗು ನಡುವೆ ಎದ್ದು ಓಡಿಹೋದರೆ ಯಾರೂ ಗದರದಿದ್ದರೆ ಅದು ಆಟ, ಗದರಿದರೆ ಕೆಲಸ. ವೇಳಾಪಟ್ಟಿಯ ಶಿಬಿರಕ್ಕೂ ಈ ಅಳತೆಗೋಲು ಹಿಡಿದು ನೋಡಬಹುದು.

ಹೊಸಕೋಟೆಯ ದೊಡ್ಡ ಕೆರೆ, ನೆಲಮಂಗಲ ತಾಲ್ಲೂಕಿನ ಶಿವಗಂಗೆ, ದೇವನಹಳ್ಳಿಯ ಕೋಟೆ ಇವೆಲ್ಲ ಒಂದೊಂದು ದಿನದ ತಿರುಗಾಟಕ್ಕೆ ಸಾಲುವ ಜಾಗಗಳು. ಕೋಟೆಯನ್ನು 1501ರಲ್ಲಿ ಮಣ್ಣಿನಲ್ಲಿ ಕಟ್ಟಿಸಿದವನು ಮಲ್ಲಭೈರೇಗೌಡ, ಮುಂದೆ ಕಲ್ಲಿನ ಗೋಡೆ ಬಂದದ್ದು ಹೈದರಾಲಿಯ ಕಾಲದಲ್ಲಿ; ಟಿಪ್ಪು ಹುಟ್ಟಿದ ಊರು ಇದೇ. ಕೋಟೆಯ ಮೇಲಿನ ಆಕಾಶದಲ್ಲಿ 2008ರ ಮೇ ತಿಂಗಳಿನಿಂದ ವಿಮಾನಗಳ ಓಡಾಟ. ಬಾಲದ ಬಣ್ಣ ನೋಡಿಯೇ ಇದು ಯಾವ ಕಂಪೆನಿಯದು ಎಂದು ಹೇಳುವ ಹುಡುಗರು ಸುತ್ತಲ ಹಳ್ಳಿಗಳಲ್ಲಿದ್ದಾರೆ. ಅವರ ಅಪ್ಪಂದಿರು ಇದೇ ಜಾಗದಲ್ಲಿ ಲಾರಿಗಳ ನಂಬರು ಬರೆದುಕೊಳ್ಳುತ್ತಿದ್ದವರು. ಶಿವಗಂಗೆಗೆ ಹೋಗುವವರು ಬೆಳಿಗ್ಗೆ ಎಂಟರೊಳಗೆ ಹತ್ತಿಬಿಡಬೇಕು, ಬಂಡೆ ಕಾದ ಮೇಲೆ ಕಷ್ಟ. ಒಳಕಲ್ಲು ತೀರ್ಥದಲ್ಲಿ ಕೈ ಹಾಕಿ ನೀರು ಸಿಕ್ಕಿತೋ ಇಲ್ಲವೋ ಎಂಬ ಪಂದ್ಯ ಮಕ್ಕಳಿಗೆ ದೇವರ ದರ್ಶನಕ್ಕಿಂತ ದೊಡ್ಡದು. ಕೈಯಲ್ಲಿನ ಚೀಲ ಮಾತ್ರ ಕೋತಿಗಳಿಗೆ ಕಾಣದಿರಲಿ.

ನೀರಿನ ಮಾತು ಬಂದ ಮೇಲೆ ಸುಮ್ಮನಿರಲಾಗದು. ಈಜಲು ಹೋದ ಮಕ್ಕಳು ಮುಳುಗಿದರೆಂಬ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಬರುತ್ತದೆ. ಹಿಂದಿನವರು ಬಾವಿಯಲ್ಲಿ, ಕಲ್ಯಾಣಿಯಲ್ಲಿ ಈಜು ಕಲಿತವರೇ. ‘ನಾವೆಲ್ಲ ಕಲಿಯಲಿಲ್ಲವೇ’ ಎಂದು ಈಗಲೂ ಹೇಳುತ್ತಾರೆ. ಆದರೆ ಕಲ್ಯಾಣಿಗೆ ಮೆಟ್ಟಿಲುಗಳಿದ್ದವು. ಕಲಿಸುವ ಮಾವ ಸೊಂಟಕ್ಕೆ ಹಗ್ಗ ಕಟ್ಟಿ, ಒಣಗಿದ ಬುರುಡೆ ಬಿಗಿದು ಇಳಿಸುತ್ತಿದ್ದ. ಇವತ್ತಿನ ಕೃಷಿ ಹೊಂಡಕ್ಕೆ ಹಾಸಿರುವುದು ಪ್ಲಾಸ್ಟಿಕ್ ಹಾಳೆ. ಇಳಿಜಾರಾದ ಆ ಹಾಳೆ ಒದ್ದೆಯಾದರೆ ಕಾಲೂ ನಿಲ್ಲದು, ಕೈಗೂ ಹಿಡಿತ ಸಿಗದು. ಈಜು ಬಲ್ಲವರೂ ದಡಕ್ಕೆ ಬಂದು ಮೇಲೆ ಹತ್ತಲಾಗದೆ ಸೋಲುತ್ತಾರೆ. ಕಲ್ಲು ತೆಗೆದ ಕ್ವಾರಿ ಗುಂಡಿಗಳಲ್ಲಿ ಒಂದೇ ಹೆಜ್ಜೆಗೆ ಆಳ. ಹೊಂಡದ ಸುತ್ತ ಬೇಲಿ, ದಡದ ಗೂಟಕ್ಕೆ ಕಟ್ಟಿದ ದಪ್ಪ ಹಗ್ಗ, ಅದರ ತುದಿಗೆ ಒಂದು ಹಳೆಯ ಟೈರು, ಖರ್ಚು ಹೆಚ್ಚಿಲ್ಲ. ಅಜ್ಜಿಯ ಊರಿಗೆ ಮಕ್ಕಳನ್ನು ಕಳುಹಿಸುವ ಮೊದಲು ಹತ್ತಿರದ ಹೊಂಡಕ್ಕೆ ಇಷ್ಟಾದರೂ ಇದೆಯೇ ಎಂದು ಕೇಳಿಕೊಳ್ಳುವುದು ಲೇಸು. ಶುಲ್ಕ ಕೊಟ್ಟು ಸೇರಿಸುವ ಈಜು ತರಗತಿಯ ಬಗ್ಗೆ ಈ ಒಂದು ಕಾರಣಕ್ಕೆ ಯಾರೂ ನಗಬೇಕಾಗಿಲ್ಲ.

ಅಜ್ಜಿಯ ಊರು ಎಂದದ್ದಾಯಿತು. ಆ ಊರೇ ಉಳಿದಿರಬೇಕಲ್ಲ! ನಲ್ಲೂರು ಇರುವುದು ಚನ್ನರಾಯಪಟ್ಟಣ ಹೋಬಳಿಯ ಆಸುಪಾಸಿನಲ್ಲಿ. ಅಲ್ಲಿನ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕುಳಿತರು. ನಲ್ಲೂರೂ ಆ ಹಳ್ಳಿಗಳಲ್ಲಿ ಒಂದು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ಭೂಮಿ ಅದು. ಮೂರು ವರ್ಷ ದಾಟಿ, ಅಂದರೆ ಮಕ್ಕಳ ಮೂರು ನಾಲ್ಕು ಬೇಸಿಗೆ ರಜೆಗಳು ಆ ಧರಣಿಯ ಚಪ್ಪರದ ಆಸುಪಾಸಿನಲ್ಲೇ ಕಳೆದ ಮೇಲೆ, 2025ರ ಜುಲೈ 15ರಂದು ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ತಾವಾಗಿಯೇ ಕೊಡಲು ಮುಂದೆ ಬಂದವರ ಭೂಮಿಯನ್ನು ಕೊಳ್ಳುವ ಮಾತೂ ಅದರ ಜೊತೆಗೇ ಇತ್ತು. ಹಾಗಾಗಿ ಯಾವ ಮನೆ ಉಳಿಸಿಕೊಂಡೀತು, ಯಾವ ಮನೆ ಮಾರೀತು ಎಂಬುದು ಈಗ ಆಯಾ ಮನೆಯ ಜಗಲಿಯಲ್ಲಿ ನಡೆಯುವ ಮಾತು. ನೆಲದ ಬೆಲೆ ಚಿನ್ನದ ಬೆಲೆಯಾದ ಕಡೆ, ಹೊಲದ ಬದುವಿನ ಒಂದು ಹುಣಸೆ ಮರಕ್ಕೆ ಯಾರ ಲೆಕ್ಕದಲ್ಲೂ ದೊಡ್ಡ ಬೆಲೆ ಇಲ್ಲ. ನಲ್ಲೂರಿನ ತೋಪಿಗೆ ಕಾಯ್ದೆಯ ಬೇಲಿಯಾದರೂ ಇದೆ. ಬದುವಿನ ಮರಕ್ಕೆ ಇರುವುದು ಆ ಮನೆಯವರ ನೆನಪು ಮಾತ್ರ. ತೋಪನ್ನು ನೋಡಲು ಹೋಗುವ ಮಕ್ಕಳು ಕೊಂಬೆಗೆ ಕಲ್ಲು ಬೀರದೆ, ಕಾಂಡದ ಮೇಲೆ ಹೆಸರು ಕೊರೆಯದೆ ಬಂದರೆ ಸಾಕು. ನೆಲಕ್ಕೆ ಬಿದ್ದ ಸಿಪ್ಪೆ ಎತ್ತಿ ಮೂಸಿದರೆ ಯಾರ ಅಡ್ಡಿಯೂ ಇರಲಾರದು.

ಮೇ ಕೊನೆಗೆ ಶಾಲೆಯ ಗಂಟೆ ಬಾರಿಸುತ್ತದೆ. ಆದರೆ ದೊಡ್ಡಬಳ್ಳಾಪುರದ ಹುಡುಗರಿಗೆ ನಿಜವಾದ ಹಬ್ಬ ಬಾಕಿ ಇರುತ್ತದೆ. ನೈರುತ್ಯದ ಗಾಳಿ ಘಟ್ಟದಲ್ಲಿ ಮಳೆ ಸುರಿದು, ಬಯಲುಸೀಮೆಗೆ ಬರುವ ಹೊತ್ತಿಗೆ ನೀರು ಕಡಿಮೆ, ವೇಗ ಹೆಚ್ಚು. ಪಟ ಹಾರಿಸುವವರಿಗೆ ಬೇಕಾದದ್ದು ಅದೇ. ಆಷಾಢದ ಪ್ರಥಮ ಏಕಾದಶಿಯ ಹೊತ್ತಿಗೆ ಊರಿನ ಗಾಳಿಪಟ ಕಲಾ ಸಂಘದವರ ಪಟದ ಹಬ್ಬ. ದೊಡ್ಡವರು ಆಳೆತ್ತರದ ಪಟಗಳನ್ನು ಕಟ್ಟಿ ತರುತ್ತಾರೆ. ಅದಕ್ಕೆ ಸಿದ್ಧತೆ ರಜೆಯಲ್ಲೇ ಆಗಬೇಕು. ಬಿದಿರು ಸೀಳಿ, ಕಡ್ಡಿ ಹೆರೆದು, ಬೆರಳ ಮೇಲಿಟ್ಟು ಎರಡೂ ಕಡೆ ಸಮ ತೂಗುತ್ತದೆಯೇ ಎಂದು ನೋಡುವುದು. ಸೂತ್ರ ಕಟ್ಟುವುದು ಕೊನೆಗೆ. ಮೇಲಿನ ದಾರ ಒಂದು ಬೆರಳು ಉದ್ದವಾದರೂ ಪಟ ಗಿರಕಿ ಹೊಡೆಯುತ್ತದೆ. ಗಾಜಿನ ಪುಡಿ ಸವರಿದ ದಾರ, ನೈಲಾನಿನ ಮಾಂಜಾ ಬೇಡವೇ ಬೇಡ. ಹಕ್ಕಿಗಳ ರೆಕ್ಕೆಯನ್ನೂ ಬೈಕಿನವರ ಕುತ್ತಿಗೆಯನ್ನೂ ಕೊಯ್ಯುವ ಆ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಹತ್ತಿ ನೂಲು ಸಾಕು, ಮಗ್ಗದ ಊರಿನಲ್ಲಿ ನೂಲಿಗೇನು ಬರ!

ಕಾಗದ ಅಂಟಿಸಲು ಗೋಂದು ಕೊಳ್ಳಬೇಕೆಂದೇನೂ ಇಲ್ಲ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ನುಣ್ಣಗೆ ಬೀಸಿ, ನೀರಿನಲ್ಲಿ ಕುದಿಸಿದರೆ ಗಟ್ಟಿ ಅಂಟು. ನೂಲಿಗೆ ಗಂಜಿ ಹಾಕಲು ಗಿರಣಿಗಳವರು ಬಳಸುವುದೂ ಈ ಬೀಜದ ಹಿಟ್ಟನ್ನೇ. ರಜೆಯ ಕೊನೆಯ ವಾರ ಜಗಲಿಯ ಮೂಲೆಯ ಬೀಜದ ಗುಡ್ಡೆ ಹೀಗೆ ಒಲೆಯ ಮೇಲೆ ಕುದಿಯುತ್ತಿರುವಾಗ, ಅದರಿಂದ ನಾಲ್ಕು ಬೀಜಗಳನ್ನು ಮಾತ್ರ ಯಾರೋ ಮೊದಲೇ ತೆಗೆದು ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತಾರೆ. ಹೊಸ ತರಗತಿಯ ಮೊದಲ ದಿನ, ಬೆಂಚಿನ ಕೆಳಗೆ, ಒಂದು ಮಗ್ಗುಲು ಬೆಳ್ಳಗೆ ಸವೆದ ಆ ಬೀಜಗಳು ಕೈಯಿಂದ ಕೈಗೆ ಹೋಗುತ್ತವೆ.